ನಿಮಗಿದು ಗೊತ್ತೆ? ಹುಲ್ಲು ಅಲ್ಲೇ, ಕಾಯ್ದೆ ಬೇರೆ!

ಉಡುಪಿ ಜಿಲ್ಲೆಯ ಕಾಪುವಿನ ಖಾಲಿ ಸೈಟಿನ ಹುಲ್ಲು ಒಂದಿಂಚೂ ಕದಲದೆ ಕಾಯ್ದೆ ಬದಲಿಸಿದೆ. ಕಾಪು, ಮಲ್ಲಾರು, ಉಳಿಯಾರಗೋಳಿ ಗ್ರಾಮ ಪಂಚಾಯತ್‌ಗಳಾಗಿದ್ದಾಗ ಅಲ್ಲಿನ ಹಿತ್ತಿಲುಗಳ ಹುಲ್ಲು-ಪೊದೆಗೆ 1993ರ ಪಂಚಾಯತ್ ರಾಜ್ ಕಾಯ್ದೆ. ಮೂರೂ ಸೇರಿ ಪುರಸಭೆಯಾದ ಮೇಲೆ 1964ರ ಪುರಸಭೆಗಳ ಕಾಯ್ದೆ. ಊರು ಮೇಲ್ದರ್ಜೆಗೇರಿತು, ಕಾನೂನು ಮಾತ್ರ 29 ವರ್ಷ ಹಳೆಯದಾಯಿತು!

ಕಾರ್ಕಳ ಪುರಸಭೆಗೂ ಉಡುಪಿ ನಗರಸಭೆಗೂ ಇದೇ 1964ರ ಕಾಯ್ದೆ. ಮಣಿಪಾಲದ ಹೆಸರು ಜಗತ್ತಿಗೇ ಗೊತ್ತಿದ್ದರೂ ಅದಕ್ಕೆ ಸ್ವಂತ ನಗರಾಡಳಿತವಿಲ್ಲ. ಅದು ಉಡುಪಿ ನಗರಸಭೆಗೆ ಸೇರಿದ್ದು. ಪಕ್ಕದ ‘80 ಬಡಗಬೆಟ್ಟು’ ಗ್ರಾಮಕ್ಕೆ ಕಾಲಿಟ್ಟರೆ ಮತ್ತೆ ಪಂಚಾಯತ್ ಕಾನೂನು. ನೆರೆಯ ಪೊದೆಯಿಂದ ಹಾವು ಬಂತೆಂದು ದೂರು ಕೊಡುವವರು ಮೊದಲು ಆ ಸೈಟು ಯಾವ ಗಡಿಯೊಳಗಿದೆ ಎಂದು ನೋಡಿಕೊಳ್ಳಬೇಕು. ಹಾವಿಗೆ ಆ ತಾಪತ್ರಯವಿಲ್ಲ.

ಒಂದು ಕಳೆಗೆ ಮಾತ್ರ ಈ ಗಡಿ ಲೆಕ್ಕಕ್ಕಿಲ್ಲ: ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಹುಲ್ಲು. 1975ರಲ್ಲೇ ಕರ್ನಾಟಕ ಇದನ್ನು ಕೃಷಿ ಕೀಟ ಮತ್ತು ರೋಗಗಳ ಕಾಯ್ದೆಯಡಿ ಹಾನಿಕಾರಕ ಕಳೆ ಎಂದು ಘೋಷಿಸಿತು. ಕಿತ್ತು ಹಾಕುವ ಹೊಣೆ ಜಾಗದವರದ್ದು. ಒಂದೇ ಗಿಡ 15 ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು, ಬೇರುಸಹಿತ ಕೀಳಬೇಕು. ಬರಿಗೈಯಲ್ಲಿ ಮುಟ್ಟಿದರೆ ಹಲವರಿಗೆ ತುರಿಕೆ.

ಅಮೆರಿಕದಲ್ಲಾದರೋ ಕಳೆ ಎಷ್ಟೆತ್ತರ ಬೆಳೆಯಬಹುದು ಎಂಬುದಕ್ಕೆ ಒಂದೊಂದು ನಗರದಲ್ಲಿ ಒಂದೊಂದು ಅಳತೆ. ಶಿಕಾಗೊದಲ್ಲಿ ಕಳೆಯ ಸರಾಸರಿ ಎತ್ತರ 10 ಇಂಚು ಮೀರಿದರೆ ದಂಡ, ಮಿನಿಯಾಪೊಲಿಸ್‌ನಲ್ಲಿ ಮಿತಿ 8 ಇಂಚು. ಆಟಿ ತಿಂಗಳ ಮಳೆಗೆ ಆ ಅಳತೆಪಟ್ಟಿ ಇಲ್ಲಿಗೆ ತಂದರೆ ಇಡೀ ಜಿಲ್ಲೆಯೇ ದಂಡ ಕಟ್ಟಬೇಕಾದೀತು.