ಸಾಸಿವೆ ಡಬ್ಬಿಯ ಕಳ್ಳ

ರವೀಂದ್ರನಗರದ ಯಾವುದೋ ಒಂದು ಮನೆ ಅಂದುಕೊಳ್ಳಿ. ಸಾಸಿವೆ ಡಬ್ಬಿಯಲ್ಲಿಟ್ಟ ದುಡ್ಡು ಕರಗುತ್ತಿದೆ. ತೆಗೆದವನು ಎಂಟು ವರ್ಷದ ಮಗ. ಅಪ್ಪನ ಕೈ ಏಳುತ್ತದೆ, ಅಮ್ಮ ಹಣೆ ಚಚ್ಚಿಕೊಳ್ಳುತ್ತಾಳೆ, ‘ಕೆಟ್ಟುಹೋಯ್ತು ಹುಡುಗ’ ಎಂದು ಅಜ್ಜಿ ತೀರ್ಪು ಕೊಡುತ್ತಾರೆ. ಇಂಥದೇ ಕಳ್ಳತನ ನೋಡಿ, ಈ ಮಗುವಿನಲ್ಲಿ ಆಸೆ ಇನ್ನೂ ಬತ್ತಿಲ್ಲ ಎಂದವರು ಲಂಡನ್ನಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್. ಅಲ್ಲಿಗೆ ಮುಟ್ಟುವ ಮೊದಲು ಅವರು ಸೋತಿದ್ದರು.

ಮಕ್ಕಳ ಮನೋವಿಶ್ಲೇಷಣೆಗೆ ಅವರು ಮೊದಲು ಆರಿಸಿಕೊಂಡದ್ದೇ ಒಬ್ಬ ಪುಂಡನನ್ನು. ಹುಡುಗ ವರ್ಷವಿಡೀ ತಪ್ಪದೆ ಬಂದ. ಬಂದು ಮಾಡಿದ್ದೇನು? ವೈದ್ಯರ ಕುಂಡಿಗೆ ಹಲವು ಸಲ ಕಚ್ಚಿದ, ಮಾಡು ಹತ್ತಿದ, ನೀರು ಚೆಲ್ಲಿ ನೆಲಮಾಳಿಗೆ ತುಂಬಿಸಿದ, ಬೀಗ ಹಾಕಿದ್ದ ಅವರ ಕಾರಿಗೆ ನುಗ್ಗಿ ಓಡಿಸಿಕೊಂಡೂ ಹೋದ. ಉಳಿದ ರೋಗಿಗಳ ಗತಿಯೇನು ಎಂದು ಕ್ಲಿನಿಕ್ಕಿನವರು ಚಿಕಿತ್ಸೆ ನಿಲ್ಲಿಸಿದರು. ಹುಡುಗ ಸುಧಾರಣಾ ಶಾಲೆ ಸೇರಿದ.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಬಂತು. ಬಾಂಬಿನ ಭಯಕ್ಕೆ ಇಂಗ್ಲೆಂಡಿನ ನಗರಗಳಿಂದ ಲಕ್ಷಾಂತರ ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸಿದರು. ಪುಟ್ಟ ಮಕ್ಕಳನ್ನು ತಾಯಿಯಿಂದ ಅಗಲಿಸುವುದು ಅಪಾಯ ಎಂದು ವಿನಿಕಾಟ್, ಮನೋವೈದ್ಯರಾದ ಜಾನ್ ಬೌಲ್ಬಿ, ಇಮ್ಯಾನುಯೆಲ್ ಮಿಲ್ಲರ್ ಡಿಸೆಂಬರಿನಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಪತ್ರ ಬರೆದರು. ಕದಿಯುವ, ಹಾಸಿಗೆ ಒದ್ದೆ ಮಾಡುವ, ಓಡಿಹೋಗುವ ಮಕ್ಕಳು ಯಾವ ಮನೆಗೂ ಬೇಡವಾದರು. ಅಂಥವರಿಗೆಂದೇ ಆಕ್ಸ್‌ಫರ್ಡ್‌ಶೈರಿನಲ್ಲಿ ಹಾಸ್ಟೆಲುಗಳಾದವು. ವಿನಿಕಾಟ್ ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಿದ್ದರು. ಜೊತೆಗೆ ದುಡಿದ ಸಮಾಜ ಕಾರ್ಯಕರ್ತೆ ಕ್ಲೇರ್ ಬ್ರಿಟನ್. (1951ರಲ್ಲಿ ಇಬ್ಬರೂ ಮದುವೆಯಾದರು.)

ಅಲ್ಲೊಂದು ವಿಚಿತ್ರ ಕಂಡಿತು. ಹೊಸದಾಗಿ ಬಂದ ಹುಡುಗ ಕೆಲವು ದಿನ ಬಲು ಸಾಧು. ಜಾಗದ ಮೇಲೆ, ಜನರ ಮೇಲೆ ಆಸೆ ಹುಟ್ಟಿತೋ, ಆಗ ಶುರು ಅವನ ಪುಂಡಾಟ. ಇವರು ತಡೆದುಕೊಳ್ಳುತ್ತಾರಾ, ಓಡಿಸುತ್ತಾರಾ ಎಂಬ ಪರೀಕ್ಷೆ ಅದು. ತಮ್ಮ ವಿದ್ವತ್ತಿನ ಮಾತುಗಳಿಗಿಂತ ಅಲ್ಲಿನ ಗೋಡೆ, ಸೂರು, ಅಡುಗೆಯವರು, ಹೊತ್ತಿಗೆ ಸರಿಯಾಗಿ ಬರುವ ಊಟ, ಕಲ್ಲು ಹೊಡೆಯಲು ಒದಗಿದ ಗಾಜಿನ ಕೋಣೆ ಇವೇ ಚಿಕಿತ್ಸೆ ಮಾಡುತ್ತಿದ್ದವು ಎಂದು ವಿನಿಕಾಟ್ 1970ರ ಉಪನ್ಯಾಸದಲ್ಲಿ ಹೇಳಿದರು. ಮನೋವಿಶ್ಲೇಷಕನೊಬ್ಬ ಅಡುಗೆಯವರಿಗೆ ಶ್ರೇಯಸ್ಸು ಬಿಟ್ಟುಕೊಡುವುದು ಸಣ್ಣ ಮಾತಲ್ಲ.

1956ರ ಜೂನ್‌ನಲ್ಲಿ ಬ್ರಿಟಿಷ್ ಮನೋವಿಶ್ಲೇಷಣಾ ಸಂಘದ ಮುಂದೆ ಕಳ್ಳತನದಲ್ಲಿ ಆಸೆ ಕಾಣುವ ತಮ್ಮ ವಿಚಾರಕ್ಕೆ ಪ್ರಬಂಧದ ರೂಪ ಕೊಟ್ಟಿದ್ದರು. ಅದರಲ್ಲಿ ನನಗೆ ಹಿಡಿಸಿದ್ದು ಊಟದ ಮೇಜಿನಲ್ಲಿ ನಡೆದ ಸಂಗತಿ. ಪರಿಚಯದ ತಾಯಿಯೊಬ್ಬಳು, ಹಿರಿಮಗ ಮನೆಯಲ್ಲೂ ಅಂಗಡಿಯಲ್ಲೂ ಕದಿಯುತ್ತಾನೆ ಎಂದಳು. ವಿನಿಕಾಟ್ ಹುಡುಗನನ್ನು ನೋಡಲೇ ಇಲ್ಲ. ‘ನೀನು ಹುಡುಕುತ್ತಿರುವುದು ಈ ವಸ್ತುಗಳನ್ನಲ್ಲ, ನಿನಗೆ ಹಕ್ಕಿನಿಂದ ಸಲ್ಲಬೇಕಾದ ನಮ್ಮ ಪ್ರೀತಿಯನ್ನು ಎಂದು ಅವನಿಗೆ ಹೇಳಿ’ ಎಂಬರ್ಥದ ಸಲಹೆ ಕೊಟ್ಟರು, ಅಷ್ಟೆ. ತಾಯಿ ಹಾಗೇ ಮಾಡಿದಳು. ಕದಿಯುವುದು ನಿಂತಿತೆಂದು ಆಮೇಲೆ ಬರೆದು ತಿಳಿಸಿದಳು.

ಎಲ್ಲ ಕಳ್ಳತನವೂ ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಅವರ ತರ್ಕ ಮಾತ್ರ ಗಟ್ಟಿ: ಒಂದು ಕಾಲಕ್ಕೆ ಸಿಕ್ಕಿದ್ದ ಒಳ್ಳೆಯದು ಕೈತಪ್ಪಿದಾಗ, ಅದು ಮತ್ತೆ ಸಿಕ್ಕೀತು ಎಂದುಕೊಂಡ ಮಗುವೇ ಕೈಚಾಚುತ್ತದೆ. ಆಸೆ ಬಿಟ್ಟ ಮಗು ಏನನ್ನೂ ಕದಿಯುವುದಿಲ್ಲ, ಯಾರಿಗೂ ತೊಂದರೆ ಕೊಡುವುದಿಲ್ಲ, ಶಾಲೆಯಲ್ಲಿ ‘ಒಳ್ಳೆ ಹುಡುಗ’ ಅನ್ನಿಸಿಕೊಂಡುಬಿಡಲೂಬಹುದು. ನಾವು ದೊಡ್ಡವರು ಪುಂಡನಿಗೆ ಬಾರಿಸುತ್ತೇವೆ, ಮಂಕಾದವನನ್ನು ಮೆಚ್ಚುತ್ತೇವೆ. ಎರಡೂ ತಿರುವುಮುರುವು.

ಹಾಗಾಗಿ ಡಬ್ಬಿಗೆ ಬೀಗ ಹಾಕುವ ಮೊದಲು ಈಚೆಗೆ ಮನೆಯಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ: ತಮ್ಮ ಹುಟ್ಟಿದನೇ, ತಾತ ತೀರಿಕೊಂಡರೇ, ಅಪ್ಪನಿಗೆ ವರ್ಗವಾಯಿತೇ? ದಾರಿ ತೋಚದಿದ್ದರೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.