ಜಾಲತಾಣದ ಚಿತ್ರ ಇನ್‌ಸ್ಟಾಗ್ರಾಂ ತಲುಪದಿದ್ದಾಗ

ಇಳಕಲ್ ಸೀರೆಗಳ ವರ್ತಕರೊಬ್ಬರ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ದೀಪಾವಳಿಗೆ ಹದಿನೈದು ದಿನ ಮುಂಚೆ ಹೊಸ ಮಾದರಿಗಳ ಛಾಯಾಚಿತ್ರಗಳನ್ನು ಅವರು ತಮ್ಮ ಜಾಲತಾಣಕ್ಕೆ ಏರಿಸಿದ್ದಾರೆ. ಅಲ್ಲಿ ಪ್ರಕಟವಾದದ್ದು ತಾನಾಗಿಯೇ ಫೇಸ್‌ಬುಕ್ ಹಾಗೂ ಇನ್‌ಸ್ಟಾಗ್ರಾಂ ಪುಟಗಳಿಗೂ ಹೋಗುವಂತೆ ತಂತ್ರಾಂಶವೊಂದನ್ನು ಅಳವಡಿಸಿ, ವಾರ್ಷಿಕ ಶುಲ್ಕವನ್ನೂ ತೆತ್ತಿದ್ದಾರೆ. ನಾಲ್ಕು ದಿನಗಳ ತರುವಾಯ ನೋಡಿದರೆ ಫೇಸ್‌ಬುಕ್‌ನಲ್ಲಿ ಬರಹವಿದೆ, ಚಿತ್ರವಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಏನೂ ಇಲ್ಲ. ಜಾಲತಾಣದಲ್ಲಿ ಮಾತ್ರ ಎಲ್ಲವೂ ಅಚ್ಚುಕಟ್ಟಾಗಿ ಕಾಣುತ್ತಿದೆ. ಹೀಗಾಗಿ ದೋಷ ತಮ್ಮ ಕಡೆಯದಲ್ಲವೆಂದು ಅವರು ಭಾವಿಸುವುದು ಸಹಜವೇ.

ಆದರೆ ಮೊದಲು ಪರಿಶೀಲಿಸಬೇಕಾದುದು ಚಿತ್ರದ ಕಡತ ಯಾವ ಫಾರ್ಮ್ಯಾಟಿನಲ್ಲಿದೆ ಎಂಬುದನ್ನು. ಜೆಪೆಗ್ 1992ರಷ್ಟು ಹಳೆಯದು. ಅದನ್ನು ಒಪ್ಪದ ವ್ಯವಸ್ಥೆ ವಿರಳ. 2010ರಲ್ಲಿ ಗೂಗಲ್ ಸಂಸ್ಥೆ ವೆಬ್‌ಪಿ ಎಂಬ ಫಾರ್ಮ್ಯಾಟನ್ನು ಹೊರತಂದಿತು. ಕಡತದ ಗಾತ್ರ ಕಡಿಮೆಯಾಗಿ ಪುಟ ಬೇಗ ತೆರೆಯುವುದರಿಂದ ಜಾಲತಾಣ ನಿರ್ಮಿಸುವವರಿಗೆ ಇದು ಅಚ್ಚುಮೆಚ್ಚು. 2021ರಿಂದ ವರ್ಡ್‌ಪ್ರೆಸ್ ಕೂಡ ಇದನ್ನು ನೇರವಾಗಿ ಸ್ವೀಕರಿಸುತ್ತಿದೆ. ತೊಡಕು ಇರುವುದು ಆಚೆ ದಡದಲ್ಲಿ. ಹೊರಗಿನ ತಂತ್ರಾಂಶಗಳ ಮೂಲಕ ಚಿತ್ರ ಪ್ರಕಟಿಸಲು ಇನ್‌ಸ್ಟಾಗ್ರಾಂ ತೆರೆದಿಟ್ಟಿರುವ ಮಾರ್ಗವು ಜೆಪೆಗ್ ಒಂದನ್ನೇ ಒಪ್ಪುವಂಥದ್ದು. ಮೊಬೈಲಿನಿಂದ ಕೈಯಾರೆ ಹಾಕಿದಾಗ ಹೋಗುವ ಚಿತ್ರ, ಸ್ವಯಂಚಾಲಿತವಾಗಿ ಕಳುಹಿಸಿದಾಗ ಹೋಗದಿರಲು ಇದೇ ಕಾರಣವಿರಬಹುದು.

ಕಡತದ ಹೆಸರಿನ ಕೊನೆಯ ಅಕ್ಷರಗಳನ್ನು ತಿದ್ದಿ ಜೆಪೆಗ್ ಮಾಡಿದೆವೆಂದು ತಿಳಿಯುವವರೂ ಉಂಟು. ಬಿಲ್ಲಿನ ತಲೆಬರಹ ಬದಲಿಸಿದ ಮಾತ್ರಕ್ಕೆ ಗೋದಾಮಿನ ಸರಕು ಬದಲಾಗದು. ನಿಜಸ್ಥಿತಿ ತಿಳಿಯಲು ಸುಲಭೋಪಾಯವಿದೆ: ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಸಾಲನ್ನು ನೋಡುವುದು. ಅರ್ಥವಾಗದ ಚಿಹ್ನೆಗಳ ನಡುವೆ ಆರ್, ಐ, ಎಫ್, ಎಫ್ ಎಂಬ ಅಕ್ಷರಗಳೂ ಅವುಗಳ ಹಿಂದೆಯೇ ವೆಬ್‌ಪಿ ಎಂಬ ಹೆಸರೂ ಕಂಡರೆ ಅದು ವೆಬ್‌ಪಿ, ಪಿ.ಎನ್.ಜಿ. ಎಂದಿದ್ದರೆ ಅದೇ. ಜೆಪೆಗ್ ಕಡತದಲ್ಲಿ ಸಾಮಾನ್ಯವಾಗಿ ಜೆ.ಎಫ್.ಐ.ಎಫ್. ಅಥವಾ ಎಕ್ಸಿಫ್ ಎಂಬ ಅಕ್ಷರಗಳು ಇರುತ್ತವೆ. ಈ ಪರೀಕ್ಷೆಯನ್ನು ತಮ್ಮ ಗಣಕದಲ್ಲಿರುವ ಮೂಲ ಕಡತದ ಮೇಲಷ್ಟೇ ಮಾಡಿದರೆ ಸಾಲದು. ಜಾಲತಾಣದಿಂದ ಚಿತ್ರವನ್ನು ಮರಳಿ ಇಳಿಸಿಕೊಂಡು ಅದನ್ನೂ ನೋಡಬೇಕು. ಏಕೆಂದರೆ ಪುಟದ ವೇಗ ಹೆಚ್ಚಿಸುವ ಕೆಲವು ತಂತ್ರಾಂಶಗಳು, ವಿಳಾಸದಲ್ಲಿ ಜೆಪೆಗ್ ಎಂದೇ ಉಳಿಸಿ, ಒಳಗಿನ ಸರಕನ್ನು ವೆಬ್‌ಪಿಗೆ ಬದಲಿಸಿ ನೀಡುತ್ತವೆ. ಕೇಳುವವರು ಯಾರೆಂದು ನೋಡಿ ತಕ್ಕ ಪ್ರತಿಯನ್ನು ಕೊಡಬೇಕೆಂಬುದು ನಿಯಮ. ಆದರೆ ಒಮ್ಮೆ ಸಂಗ್ರಹಿಸಿಟ್ಟ ಪ್ರತಿಯನ್ನೇ ಎಲ್ಲರಿಗೂ ಕೊಟ್ಟುಬಿಡುವ ತಪ್ಪು ಸಂಭವಿಸುತ್ತದೆ. ಜಾಲತಾಣ ನೋಡಿಕೊಳ್ಳುವವರಿಗೆ ಈ ಅಂಶವನ್ನು ಸ್ಪಷ್ಟವಾಗಿ ತಿಳಿಸದಿದ್ದರೆ, ‘ನಮ್ಮಲ್ಲಿ ಎಲ್ಲ ಸರಿಯಿದೆ’ ಎಂಬ ಉತ್ತರವೇ ಮರಳಿ ಬರುತ್ತದೆ.

ಐಫೋನ್ ಬಳಸುವವರಿಗೆ ಇನ್ನೊಂದು ತೊಡಕು. 2017ರಿಂದ ಆ ಫೋನುಗಳು ಚಿತ್ರಗಳನ್ನು ಹೆಚ್.ಇ.ಐ.ಸಿ. ಎಂಬ ಫಾರ್ಮ್ಯಾಟಿನಲ್ಲಿ ಉಳಿಸುತ್ತಿವೆ. ಕ್ಯಾಮೆರಾ ಸೆಟ್ಟಿಂಗಿನ ಫಾರ್ಮ್ಯಾಟ್ಸ್ ವಿಭಾಗದಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿಕೊಂಡರೆ ಮುಂದಿನ ಚಿತ್ರಗಳು ಜೆಪೆಗ್ ಆಗಿ ಬರುತ್ತವೆ. ಹಿನ್ನೆಲೆಯಿಲ್ಲದ ಪಿ.ಎನ್.ಜಿ. ಲಾಂಛನವನ್ನು ಜೆಪೆಗ್‌ಗೆ ಪರಿವರ್ತಿಸುವ ಮುನ್ನ ಬಿಳಿಯ ಹಿನ್ನೆಲೆ ಹಾಕುವುದು ಲೇಸು. ಇಲ್ಲವಾದರೆ ಕಪ್ಪು ಚೌಕದೊಳಗೆ ಲಾಂಛನ ಮುಳುಗಿಹೋಗಬಹುದು.

ಅಳತೆಯೂ ಮುಖ್ಯ. ಉದ್ದಕ್ಕೆ ಹರಡಿದ ಸೀರೆಯ ನೀಳವಾದ ಚಿತ್ರ ತಿರಸ್ಕೃತವಾಗುವ ಸಂಭವವಿದೆ; ಚೌಕಾಕಾರ ಅಥವಾ 4:5 ಪ್ರಮಾಣ ಸುರಕ್ಷಿತ. ಫೇಸ್‌ಬುಕ್ ಕೊಂಡಿಯ ಚಿತ್ರಕ್ಕೆ 1200 ಅಗಲ, 630 ಎತ್ತರದ ಪಿಕ್ಸೆಲ್‌ಗಳ ಅಳತೆ ತಕ್ಕದ್ದು. ಚಿತ್ರ ಸರಿಪಡಿಸಿದ ಮೇಲೂ ಫೇಸ್‌ಬುಕ್ ತಾನು ಹಿಂದೆ ಸಂಗ್ರಹಿಸಿಟ್ಟುದನ್ನೇ ತೋರಿಸುತ್ತಿದ್ದರೆ, ಆ ಸಂಸ್ಥೆಯೇ ಒದಗಿಸಿರುವ ‘ಶೇರಿಂಗ್ ಡಿಬಗರ್’ ಪುಟದಲ್ಲಿ ಕೊಂಡಿಯನ್ನು ನೀಡಿ ಮತ್ತೊಮ್ಮೆ ಓದಿಸಬೇಕು.

ಮುದ್ರಣಾಲಯದಿಂದ ಬಂದ ಕಡತಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಅವು ಜೆಪೆಗ್ ಆಗಿದ್ದರೂ ನಾಲ್ಕು ಶಾಯಿಗಳ ಸಿ.ಎಂ.ವೈ.ಕೆ. ವರ್ಣಕ್ರಮದಲ್ಲಿರುವುದುಂಟು. ಪರದೆಗೆ ಬೇಕಾದುದು ಆರ್.ಜಿ.ಬಿ. ಕ್ರಮ. ಪರಿವರ್ತಿಸದೆ ಕಳುಹಿಸಿದರೆ ಬಣ್ಣ ಕೆಡಬಹುದು. ಇಲ್ಲಿ ಪ್ರಶ್ನೆ ಕೇವಲ ಅಂದಚಂದದ್ದಲ್ಲ. ದಾಳಿಂಬೆ ಕೆಂಪೆಂದು ಕೊಂಡ ಸೀರೆ ಬೇರೆ ಬಣ್ಣದ್ದಾಗಿ ಬಂದರೆ ಗ್ರಾಹಕರು ಮರಳಿಸುತ್ತಾರೆ. ಸಾಗಣೆ ವೆಚ್ಚ ಎರಡು ಬಾರಿ ತಲೆಗೆ ಬೀಳುತ್ತದೆ. ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 34ನೆಯ ಕಲಮಿನಂತೆ ಕ್ರೆಡಿಟ್ ನೋಟ್ ನೀಡಿ ಲೆಕ್ಕ ಸರಿಪಡಿಸಬೇಕಾಗುತ್ತದೆ. ಜಾಹೀರಾತು ಸರಕಿನ ನಿಜ ಲಕ್ಷಣಗಳಿಗೆ ಹೊಂದಿರಬೇಕೆಂದು 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳೂ ಹೇಳುತ್ತವೆ.

ಫಾರ್ಮ್ಯಾಟ್, ಅಳತೆ, ಬಣ್ಣ ಎಲ್ಲವೂ ಸರಿಯಿದ್ದು ಚಿತ್ರ ಹೋಗದಿದ್ದರೆ, ಜಾಲತಾಣದ ರಕ್ಷಣಾ ವ್ಯವಸ್ಥೆಯನ್ನು ನೋಡಬೇಕು. ಇನ್‌ಸ್ಟಾಗ್ರಾಂ ಚಿತ್ರವನ್ನು ಸಾರ್ವಜನಿಕ ವಿಳಾಸದಿಂದ ತಾನೇ ತೆಗೆದುಕೊಳ್ಳುತ್ತದೆ. ಬಾಗಿಲು ಹಾಕಿದ್ದರೆ ಬರಿಗೈಯಲ್ಲಿ ಹಿಂದಿರುಗುತ್ತದೆ. ದೋಷ ನಿವಾರಣೆಯಾದ ನಂತರ, ಮೊದಲು ವಿಫಲವಾದ ಪ್ರಕಟಣೆಗಳು ಸಾಮಾನ್ಯವಾಗಿ ತಾವಾಗಿಯೇ ಹೋಗುವುದಿಲ್ಲ. ಅವನ್ನು ಮತ್ತೊಮ್ಮೆ ಕಳುಹಿಸಬೇಕು. ಹಬ್ಬಕ್ಕೆ ಇನ್ನು ಹನ್ನೊಂದೇ ದಿನಗಳಿರುವ ನಮ್ಮ ವರ್ತಕರಾದರೋ ದೋಷ ಪತ್ತೆಯಾಗುವವರೆಗೆ ಕಾಯದೆ, ಆ ದಿನವೇ ಮೊಬೈಲಿನಿಂದ ಕೈಯಾರೆ ಚಿತ್ರಗಳನ್ನು ಹಾಕಿಬಿಡುವುದು ಒಳಿತು.