ಸ್ಪ್ರಿಂಗಿನ ಸೈಕಲ್, ನೆರವಿಗೆ ಮೋಟಾರು

ಮನೆಯಲ್ಲೋ ನೆರೆಯಲ್ಲೋ ಹಳೆಯ ಕಪ್ಪು ಸೈಕಲ್ಲು ಇದ್ದರೆ ಅದರ ಸೀಟಿನ ಅಡಿಯಲ್ಲಿ ಬಗ್ಗಿ ನೋಡಿ. ಎರಡು ಸುರುಳಿ ಸ್ಪ್ರಿಂಗುಗಳು ಕಾಣುತ್ತವೆ. ಸೈಕಲ್ಲು ಗುಂಡಿಗೆ ಇಳಿದಾಗ ಕುಳಿತವರ ಬೆನ್ನಿಗೆ ಪೆಟ್ಟು ಬೀಳದಿರಲಿ ಎಂದು ಅವನ್ನು ಅಲ್ಲಿ ಇಟ್ಟಿದ್ದಾರೆ. ಆದರೆ ಅವು ಕಾಪಾಡುವುದು ಬೆನ್ನನ್ನು ಮಾತ್ರ. ಹ್ಯಾಂಡಲ್ ಹಿಡಿದ ಕೈಗೆ, ಕ್ಯಾರಿಯರಿನ ಮೇಲಿಟ್ಟ ಬುತ್ತಿಗೆ ಕುಲುಕಾಟ ತಪ್ಪುವುದಿಲ್ಲ.

ಹಾಗಾದರೆ ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು ಸ್ಪ್ರಿಂಗ್ ಕೊಟ್ಟರೆ? ಅದೇ ಪೂರ್ಣ ಸಸ್ಪೆನ್ಷನ್ ಸೈಕಲ್. ಅದಕ್ಕೆ ಬ್ಯಾಟರಿ ಮತ್ತು ಮೋಟಾರು ಸೇರಿಸಿದರೆ ದೂರದ ಊರಿಗೆ ದಿನವೂ ಕೆಲಸಕ್ಕೆ ಹೋಗಿಬರುವವರಿಗೆ ಒಳ್ಳೆಯ ವಾಹನವಾಗುತ್ತದೆ. ಜರ್ಮನಿಯಂತಹ ದೇಶಗಳಲ್ಲಿ ಇಂಥವು ರಸ್ತೆಯಲ್ಲಿ ಓಡಾಡುತ್ತಿವೆ. ಇದು ಹೇಗೆ ಕೆಲಸ ಮಾಡುತ್ತದೆ? ಕೊಂಡವರು ಇದರ ಯಾವ ಭಾಗವನ್ನು ಬದಲಿಸಿ ಉತ್ತಮಪಡಿಸಬಹುದು? ಯಾವುದನ್ನು ಮುಟ್ಟಬಾರದು? ಬನ್ನಿ, ಒಂದೊಂದೇ ಭಾಗವನ್ನು ನೋಡೋಣ.

ಮೊದಲ ಸ್ಪ್ರಿಂಗು ಗಾಳಿ

1860ರ ದಶಕದ ಸೈಕಲ್ಲುಗಳಿಗೆ ಮರದ ಚಕ್ರ, ಅದರ ಸುತ್ತ ಕಬ್ಬಿಣದ ಪಟ್ಟಿ ಇತ್ತು. ಕಲ್ಲು ಹಾಸಿದ ಬೀದಿಯಲ್ಲಿ ಅವು ಎಷ್ಟು ಕುಲುಕುತ್ತಿದ್ದವೆಂದರೆ ಇಂಗ್ಲೆಂಡಿನ ಜನ ಅವಕ್ಕೆ 'ಮೂಳೆ ಅಲುಗಿಸುವ ಗಾಡಿ' ಎಂದೇ ಹೆಸರಿಟ್ಟಿದ್ದರು. 1887ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಗಾಳಿ ತುಂಬಿದ ಟೈರನ್ನು ರೂಪಿಸಿದರು. ಟೈರಿನೊಳಗಿನ ಗಾಳಿ ಒತ್ತಿದಾಗ ಕುಗ್ಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ. ಅಂದರೆ ಅದೂ ಒಂದು ಸ್ಪ್ರಿಂಗೇ!

1962ರಲ್ಲಿ ಇಂಗ್ಲೆಂಡಿನ ಅಲೆಕ್ಸ್ ಮೌಲ್ಟನ್ ಪುಟ್ಟ ಚಕ್ರದ ಸೈಕಲ್ಲೊಂದನ್ನು ಮಾರುಕಟ್ಟೆಗೆ ತಂದರು. ಅದರ ಹಿಂದಿನ ಹಾಗೂ ಮುಂದಿನ ಚಕ್ರ ಎರಡಕ್ಕೂ ಸಸ್ಪೆನ್ಷನ್ ಇತ್ತು. ಪುಟ್ಟ ಚಕ್ರಕ್ಕೆ ಅದು ಏಕೆ ಬೇಕಾಯಿತು ಗೊತ್ತೆ? ಎರಡು ಪುಸ್ತಕಗಳ ನಡುವೆ ಬೆರಳಗಲದ ಸಂದು ಬಿಡಿ. ಅದರ ಮೇಲೆ ಮೊದಲು ಒಂದು ನಾಣ್ಯವನ್ನು, ಆಮೇಲೆ ಊಟದ ತಟ್ಟೆಯನ್ನು ಉರುಳಿಸಿ. ನಾಣ್ಯ ಆಳಕ್ಕೆ ಇಳಿಯುತ್ತದೆ, ತಟ್ಟೆ ಸುಲಭವಾಗಿ ದಾಟುತ್ತದೆ. ಚಕ್ರ ಚಿಕ್ಕದಾದಷ್ಟೂ ಗುಂಡಿಯ ಪೆಟ್ಟು ಹೆಚ್ಚು.

ಮುಂದೆ ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಮಾರ್ಕುಸ್ ರೀಸ್ ಮತ್ತು ಹೈಕೊ ಮ್ಯೂಲರ್ ಇನ್ನೊಂದು ಜಾಣ ಉಪಾಯ ಹುಡುಕಿದರು. ಅವರ 'ಬರ್ಡಿ' ಎಂಬ ಮಡಚುವ ಸೈಕಲ್ಲಿನಲ್ಲಿ, ಚಕ್ರ ಮೇಲೆ ಕೆಳಗೆ ಆಡಲು ಬೇಕಾದ ಕೀಲೇ ಸೈಕಲ್ಲನ್ನು ಮಡಚುವ ಕೀಲೂ ಆಯಿತು. ಒಂದೇ ಕೀಲು, ಎರಡು ಕೆಲಸ! 1993ರಲ್ಲಿ ಅವರು ಕಂಪನಿ ಆರಂಭಿಸಿದರು. ಇಂದು ಅದು ಎರಡೂ ಚಕ್ರಕ್ಕೆ ಸಸ್ಪೆನ್ಷನ್ ಇರುವ ವಿದ್ಯುತ್ ಸೈಕಲ್ಲುಗಳನ್ನೂ ತಯಾರಿಸುತ್ತದೆ.

ಸ್ಪ್ರಿಂಗ್ ಒಂದೇ ಸಾಲದು

ಸ್ಪ್ರಿಂಗಿಗೆ ಒಂದು ತೂಕ ಕಟ್ಟಿ ತೂಗುಹಾಕಿ. ಸ್ವಲ್ಪ ಕೆಳಗೆಳೆದು ಬಿಡಿ. ಅದು ಒಮ್ಮೆ ಮೇಲೆ ಹೋಗಿ ಸುಮ್ಮನಾಗುತ್ತದೆಯೆ? ಇಲ್ಲ, ಬಹಳ ಹೊತ್ತು ಕುಣಿಯುತ್ತದೆ. ಸೈಕಲ್ಲಿನಲ್ಲಿ ಬರೀ ಸ್ಪ್ರಿಂಗ್ ಇದ್ದರೆ ಒಂದು ಗುಂಡಿ ದಾಟಿದ ಮೇಲೂ ಸವಾರ ಹೀಗೆಯೇ ಕುಣಿಯುತ್ತಿರಬೇಕಾಗುತ್ತದೆ! ಸ್ಪ್ರಿಂಗು ಶಕ್ತಿಯನ್ನು ಕೂಡಿಟ್ಟು ಮರಳಿ ಕೊಡುತ್ತದೆಯೇ ಹೊರತು ಅದನ್ನು ಕಳೆಯುವುದಿಲ್ಲ.

ಕಳೆಯುವ ಕೆಲಸಕ್ಕೆ ಅದರ ಜೊತೆಗೆ ಡ್ಯಾಂಪರ್ ಎಂಬ ಭಾಗವಿದೆ. ಇದೊಂದು ಎಣ್ಣೆ ತುಂಬಿದ ಕೊಳವೆ. ಚಕ್ರ ಆಡಿದಾಗ ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಸುಳಬೇಕು. ನುಸುಳುವಾಗ ಉಂಟಾಗುವ ತಡೆಯಿಂದ ಕುಣಿತದ ಶಕ್ತಿ ಶಾಖವಾಗಿ ಬದಲಾಗುತ್ತದೆ. ಸೂಜಿಯಿಲ್ಲದ ಹೊಸ ಸಿರಿಂಜಿನಲ್ಲಿ ನೀರು ತುಂಬಿ ತಳ್ಳಿ ನೋಡಿ. ಮೆಲ್ಲಗೆ ತಳ್ಳಿದರೆ ಸಲೀಸು. ಜೋರಾಗಿ ತಳ್ಳಿದರೆ ಕೈಗೆ ತಡೆ ತಿಳಿಯುತ್ತದೆ. ಡ್ಯಾಂಪರ್ ಮಾಡುವುದೂ ಇದನ್ನೇ.

ಮೋಟಾರು ಎಲ್ಲಿ ಕೂರಬೇಕು?

1993ರಲ್ಲಿ ಜಪಾನಿನ ಯಮಹಾ ಕಂಪನಿ ತುಳಿಯುವವರಿಗೆ ನೆರವಾಗುವ ವಿದ್ಯುತ್ ಸೈಕಲ್ಲನ್ನು ಮಾರಾಟಕ್ಕೆ ತಂದಿತು. ಇಂಥ ಸೈಕಲ್ಲಿನಲ್ಲಿ ಪೆಡಲಿನ ಬಳಿ ಒಂದು ಸಂವೇದಕ ಇರುತ್ತದೆ. ಕಾಲು ಎಷ್ಟು ಬಲವಾಗಿ ಒತ್ತುತ್ತಿದೆ ಎಂಬುದನ್ನು ಅದು ಅಳೆಯುತ್ತದೆ. ಅದಕ್ಕೆ ತಕ್ಕಂತೆ ನಿಯಂತ್ರಕವು ಬ್ಯಾಟರಿಯಿಂದ ಮೋಟಾರಿಗೆ ವಿದ್ಯುತ್ತನ್ನು ಬಿಡುತ್ತದೆ. ಸಾಮಾನ್ಯ ಸವಾರರು ಹೆಚ್ಚು ದಣಿಯದೆ ತುಳಿದರೆ ಸುಮಾರು 75ರಿಂದ 100 ವ್ಯಾಟ್ ಸಾಮರ್ಥ್ಯ ಒದಗುತ್ತದೆ. ಅದಕ್ಕೆ 250 ವ್ಯಾಟಿನ ಮೋಟಾರು ಜೊತೆಯಾದರೆ ಏರು ರಸ್ತೆ ಸಮತಟ್ಟಾದಂತೆ ಅನಿಸುವುದು ಸಹಜ.

ಮೋಟಾರನ್ನು ಚಕ್ರದ ನಡುಭಾಗದಲ್ಲಿ, ಅಂದರೆ ಹಬ್ಬಿನಲ್ಲಿ ಇಡಬಹುದು. ಇಲ್ಲವೇ ಪೆಡಲುಗಳ ನಡುವೆ ಚೌಕಟ್ಟಿನಲ್ಲಿ ಇಡಬಹುದು. ಸಸ್ಪೆನ್ಷನ್ ಇರುವ ಸೈಕಲ್ಲಿಗೆ ಎರಡನೆಯದು ಹೆಚ್ಚು ಹೊಂದುತ್ತದೆ. ಏಕೆ? ಗುಂಡಿ ಸಿಕ್ಕಾಗ ಚಕ್ರ ಥಟ್ಟನೆ ಮೇಲೆ ಕೆಳಗೆ ಆಡಬೇಕು. ಹಗುರವಾದ ಚಕ್ರ ಬೇಗ ಆಡುತ್ತದೆ. ಭಾರವಾದ ಚಕ್ರ ತಡವಾಗಿ ಆಡುತ್ತದೆ. ಚಕ್ರದಲ್ಲಿ ಕುಳಿತ ಮೋಟಾರು ಸ್ಪ್ರಿಂಗಿನ ಕೆಳಗಿನ ತೂಕವನ್ನು ಹೆಚ್ಚಿಸಿಬಿಡುತ್ತದೆ. ಚೌಕಟ್ಟಿನ ಮೋಟಾರಾದರೋ ಸವಾರರಂತೆ ಸ್ಪ್ರಿಂಗಿನ ಮೇಲೆ ಕುಳಿತಿರುತ್ತದೆ.

ಅರ್ಧ ಯೂನಿಟ್ಟಿನ ಪ್ರಯಾಣ

ಒಂದು ಬ್ಯಾಟರಿಯ ಮೇಲೆ 36 ವೋಲ್ಟ್, 14 ಆಂಪಿಯರ್-ಗಂಟೆ ಎಂದು ಬರೆದಿದೆ ಎನ್ನೋಣ. ಎರಡನ್ನೂ ಗುಣಿಸಿ: 36 × 14 = 504 ವ್ಯಾಟ್-ಗಂಟೆ. 1,000 ವ್ಯಾಟ್-ಗಂಟೆ ಎಂದರೆ ಮನೆಯ ಮೀಟರಿನ ಒಂದು ಯೂನಿಟ್. ಹಾಗಾದರೆ ಈ ಬ್ಯಾಟರಿಯಲ್ಲಿರುವುದು ಬರೀ ಅರ್ಧ ಯೂನಿಟ್! ಕಿಲೋಮೀಟರಿಗೆ 10 ವ್ಯಾಟ್-ಗಂಟೆ ಖರ್ಚಾದರೆ ಸುಮಾರು 50 ಕಿ.ಮೀ. ಹೋಗಬಹುದು. ಏರು ಹೆಚ್ಚಾದರೆ, ಎದುರುಗಾಳಿ ಬೀಸಿದರೆ, ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಈ ದೂರ ಇಳಿಯುತ್ತದೆ.

ಏನನ್ನು ಬದಲಿಸಬಹುದು?

ಹೆಚ್ಚಿನವರು ಮೊದಲು ಕೇಳುವುದು 'ಇನ್ನೂ ದೊಡ್ಡ ಮೋಟಾರು ಹಾಕಬಹುದೆ?' ಎಂದು. ಆದರೆ ತಿಳಿದವರು ನೋಡುವ ಕ್ರಮವೇ ಬೇರೆ.

ಮೊದಲು ಸ್ಪ್ರಿಂಗನ್ನು ಸವಾರರ ತೂಕಕ್ಕೆ ಹೊಂದಿಸಬೇಕು. ಇದಕ್ಕೆ ಖರ್ಚೂ ಇಲ್ಲ. ಸವಾರರು ಕುಳಿತಾಗ ಸ್ಪ್ರಿಂಗು ತಾನು ಕುಗ್ಗಬಲ್ಲ ಒಟ್ಟು ಉದ್ದದಲ್ಲಿ ಸುಮಾರು ಕಾಲು ಭಾಗ ಕುಗ್ಗಿರಬೇಕು. ಆಗ ಉಬ್ಬು ಬಂದರೆ ಚಕ್ರ ಮೇಲೇಳುತ್ತದೆ, ಗುಂಡಿ ಬಂದರೆ ಕೆಳಗೂ ಇಳಿಯುತ್ತದೆ. ಎರಡನೆಯದು ಟೈರು. ಅಗಲವಾದ ಟೈರಿಗೆ ಕಡಿಮೆ ಒತ್ತಡದ ಗಾಳಿ ಸಾಕು. ಅದು ಸಣ್ಣ ಕಲ್ಲುಗಳ ಕಂಪನವನ್ನು ತಾನೇ ನುಂಗಿಕೊಳ್ಳುತ್ತದೆ. ಮೂರನೆಯದು ಬ್ರೇಕು. ವಿದ್ಯುತ್ ಸೈಕಲ್ಲೇ 25ರಿಂದ 30 ಕೆ.ಜಿ. ತೂಗಬಹುದು. ಅದನ್ನು ನಿಲ್ಲಿಸಲು ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಡಿಸ್ಕ್ ಬ್ರೇಕು ಒಳ್ಳೆಯದು. ಮಳೆಯಲ್ಲೂ ಅದು ಚೆನ್ನಾಗಿ ಹಿಡಿಯುತ್ತದೆ. ಆಮೇಲೆ ದೀಪ, ಮಡ್‌ಗಾರ್ಡು.

ವೇಗವನ್ನೇ ಹೆಚ್ಚಿಸಿದರೆ?

ಕೆಲವರು ನಿಯಂತ್ರಕವನ್ನು ಬದಲಿಸಿ ಸೈಕಲ್ಲಿನ ವೇಗವನ್ನು ಗಂಟೆಗೆ 25 ಕಿ.ಮೀ.ನಿಂದ 50ಕ್ಕೆ ಏರಿಸುತ್ತಾರೆ. ವೇಗ ಎರಡರಷ್ಟಾಯಿತು. ಚಲನಶಕ್ತಿಯೂ ಎರಡರಷ್ಟಾಯಿತೆ? ಇಲ್ಲ! ಚಲನಶಕ್ತಿಯು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 2 × 2 = 4. ನಾಲ್ಕರಷ್ಟಾಯಿತು.

ಈ ಶಕ್ತಿಯನ್ನೆಲ್ಲ ಬ್ರೇಕುಗಳು ಶಾಖವಾಗಿ ಬದಲಿಸಬೇಕು. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿನಿಂದ 25 ಕಿ.ಮೀ. ವೇಗದ ಸೈಕಲ್ಲು ಸುಮಾರು 5 ಮೀಟರಿನಲ್ಲಿ ನಿಲ್ಲುತ್ತದೆ ಎನ್ನಿ. 50 ಕಿ.ಮೀ. ವೇಗದಲ್ಲಿ ಅದಕ್ಕೆ 20 ಮೀಟರ್ ಬೇಕು. ಅಪಾಯ ಕಂಡು ಕೈ ಬ್ರೇಕು ಹಿಡಿಯುವಷ್ಟರಲ್ಲಿ ಒಂದು ಸೆಕೆಂಡ್ ಕಳೆದಿದ್ದರೆ ಅಷ್ಟರೊಳಗೇ ಸೈಕಲ್ಲು ಮತ್ತೆ 14 ಮೀಟರ್ ಹೋಗಿರುತ್ತದೆ. ಒಟ್ಟು 34 ಮೀಟರ್. ನಿಮ್ಮ ಶಾಲೆಯ ಅಂಗಳದಲ್ಲಿ ಇಷ್ಟನ್ನು ಅಳೆದು ನೋಡಿ. ಆ ದೂರದ ನಡುವೆ ಮಗುವೊಂದು ಚೆಂಡಿನ ಹಿಂದೆ ಓಡಿ ಬಂದರೆ?

ಇದಕ್ಕಾಗಿಯೇ ಕಾನೂನು ಮಿತಿ ಹಾಕಿದೆ. ಯುರೋಪಿನ ದೇಶಗಳಲ್ಲಿ 250 ವ್ಯಾಟಿನ ನೆರವಿನ ಮೋಟಾರು ಗಂಟೆಗೆ 25 ಕಿ.ಮೀ. ದಾಟಿದೊಡನೆ ಸುಮ್ಮನಾಗಬೇಕು. ನಮ್ಮ ದೇಶದಲ್ಲೂ ಮೋಟಾರಿನ ಸಾಮರ್ಥ್ಯ 250 ವ್ಯಾಟಿಗಿಂತ, ವೇಗ 25 ಕಿ.ಮೀ.ಗಿಂತ ಕಡಿಮೆ ಇರಬೇಕು, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರಬಾರದು. ಆಗ ಮಾತ್ರ ಅದು ಮೋಟಾರು ವಾಹನವಲ್ಲ, ಸೈಕಲ್ಲು. ಮಿತಿ ಮೀರಿದರೆ ನೋಂದಣಿ, ಲೈಸೆನ್ಸ್ ಎಲ್ಲ ಬೇಕು.

ಬ್ಯಾಟರಿಯ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ಲಿಥಿಯಂ-ಅಯಾನ್ ಬ್ಯಾಟರಿಯೊಳಗಿನ ಒಂದು ಕೋಶ ಅತಿಯಾಗಿ ಕಾದರೆ ಪಕ್ಕದ ಕೋಶವನ್ನೂ ಕಾಯಿಸುತ್ತದೆ. ಹೀಗೆ ಬೆಂಕಿ ಸರಪಳಿಯಂತೆ ಹಬ್ಬುತ್ತದೆ. 2023ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರವೊಂದರಲ್ಲೇ ಇಂಥ ಬ್ಯಾಟರಿಗಳ ಬೆಂಕಿಯಿಂದ 18 ಜನ ಸತ್ತರು. ಅದೇ ವರ್ಷ ಸುರಕ್ಷತಾ ಪರೀಕ್ಷೆಯಲ್ಲಿ ತೇರ್ಗಡೆಯಾದ ವಿದ್ಯುತ್ ಸೈಕಲ್ಲು ಮತ್ತು ಬ್ಯಾಟರಿಗಳನ್ನಷ್ಟೇ ಮಾರಬೇಕೆಂದು ಅಲ್ಲಿ ಕಾನೂನು ಬಂತು. ಆದ್ದರಿಂದ ಬ್ಯಾಟರಿಯನ್ನು ಬಿಚ್ಚಬಾರದು. ಅದರದೇ ಚಾರ್ಜರನ್ನು ಬಳಸಬೇಕು. ಉಬ್ಬಿದ, ಜಜ್ಜಿದ ಬ್ಯಾಟರಿಯನ್ನು ಚಾರ್ಜ್ ಮಾಡಲೇಬಾರದು. ಮನೆಯ ಬಾಗಿಲಿಗೆ ಅಡ್ಡವಾಗಿಯೂ ಇಡಬಾರದು.

ನೋಡಿದಿರಾ? ಸೈಕಲ್ಲಿನ ಭಾಗಗಳು ಒಂದನ್ನೊಂದು ನಂಬಿಕೊಂಡಿವೆ. ಮೋಟಾರನ್ನು ಬದಲಿಸಿದರೆ ಬ್ರೇಕು, ಬ್ಯಾಟರಿ, ಟೈರು ಎಲ್ಲಕ್ಕೂ ಅದರ ಭಾರ ತಗಲುತ್ತದೆ. ಓಡಿಸುವ ಭಾಗಕ್ಕಿಂತ ಮೊದಲು ನಿಲ್ಲಿಸುವ ಭಾಗವನ್ನು ನೋಡಬೇಕು. ಈ ಮಾತು ಮೋಟಾರಿಲ್ಲದ ನಿಮ್ಮ ಸೈಕಲ್ಲಿಗೂ ಸಲ್ಲುತ್ತದೆ.

ನೀವೇ ಮಾಡಿ ನೋಡಿ

ನಾಳೆ ಸೈಕಲ್ ಹತ್ತುವ ಮುನ್ನ ಬ್ರೇಕಿನ ರಬ್ಬರು ಸವೆದಿದೆಯೆ ನೋಡಿ. ಬ್ರೇಕು ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ. ಚಕ್ರ ತಿರುಗಿತೆ? ತಿರುಗಿದರೆ ಮೊದಲು ರಿಪೇರಿ, ಆಮೇಲೆ ಸವಾರಿ.